ಎರಡೂಮುಕ್ಕಾಲು ವರ್ಷದ ಮಗ ಕಚ್ತಾನೆ, ಏನ್ ಮಾಡ್ಲಿ?

ಮೈಸೂರಮ್ಮ:
ಇವತ್ತು ಪ್ಲೇಹೋಮ್‌ನಿಂದ ಮತ್ತೆ ಫೋನು. ಈ ತಿಂಗಳಲ್ಲಿ ನಾಲ್ಕನೇ ಸಲ. ಇನ್ನೊಂದು ಮಗುವಿನ ತೋಳಲ್ಲಿ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು, ಅವರಮ್ಮನ ಮುಖ ನೋಡೋಕಾಗ್ಲಿಲ್ಲ. ಕಚ್ತಾನೆ, ಹೊಡೀತಾನೆ. ಮನೇಲಿ ನಾಲ್ಕು ತಿಂಗಳ ಪಾಪು ಇದೆ, ಅದನ್ನ ಮಾತ್ರ ಮುಟ್ಟಲ್ಲ; ಹಾಲು ಕುಡಿಸುವಾಗ ಹಿಂದೆ ನಿಂತು ನನ್ನ ವೇಲ್ ಜಗ್ತಾನೆ ಅಷ್ಟೆ. ಅತ್ತೆ ‘ತುಟಿಗೆ ಮೆಣಸಿನಪುಡಿ ಸವರು’ ಅಂತಾರೆ. ಮಾವ ‘ಗಂಡು ಹುಡುಗ, ಬಿಡಮ್ಮ’ ಅಂತ ನಗ್ತಾರೆ. ನಿನ್ನೆ ನಾನೇ ತಡೀಲಾರದೆ ‘ಹೊಡೀಬೇಡ ಅಂದಿಲ್ವಾ’ ಅಂತ ಹೇಳ್ತಾ ಹೇಳ್ತಾನೇ ಎರಡು ಬಾರಿಸಿದೆ. ಆಮೇಲೆ ನಂಗೇ ನಗು, ಅಳು ಎರಡೂ. ಅವನಿಗೆ ಮಾತು ಇನ್ನೂ ಕಮ್ಮಿ: ‘ಅಮ್ಮ ಬಾ’, ‘ನಂದು’, ಇಷ್ಟರಲ್ಲೇ ಇದಾನೆ. ಟಿವಿ ಕಾರಣ ಇರಬಹುದಾ?

ಓದುವ ಹುಳ:
ಟಿವಿ ಒಂದನ್ನೇ ಬೈಬೇಡಿ. ಒಂದು ಹಳೇ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಬಡಿಯೋದನ್ನ ನೋಡಿದ ಮಕ್ಕಳು ತಾವೂ ಹಾಗೇ ಬಡಿದವು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳನ್ನ ಇಟ್ಕೊಂಡು ಮಾಡಿದ ಆ 1961ರ ಪ್ರಯೋಗವನ್ನೇ ಎಲ್ಲರೂ ಹೇಳೋದು. ಆದರೆ ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೇ ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿ ಕಂಡಿದ್ದು ಬೇರೆ. ಹೊಡೆಯೋದನ್ನ ಯಾರೂ ಕಲಿಸಬೇಕಿಲ್ಲ, ಎರಡರಿಂದ ನಾಲ್ಕು ವರ್ಷದೊಳಗೆ ಅದು ಎಲ್ಲಕ್ಕಿಂತ ಹೆಚ್ಚು. ಹೊಡೆಯದೇ ಇರೋದನ್ನೇ ಮಕ್ಕಳು ನಿಧಾನಕ್ಕೆ ಕಲಿಯೋದು. ನಿಮ್ಮ ಎರಡೇಟು ಮಾತ್ರ ಆ ಗೊಂಬೆ ಲೆಕ್ಕಕ್ಕೇ ಸೇರುತ್ತೆ, ಬೇಜಾರು ಮಾಡ್ಕೋಬೇಡಿ.

ಅಂಗನವಾಡಿ ಅಜ್ಜಿ:
26 ವರ್ಷ ಅಂಗನವಾಡೀಲಿದ್ದೆ ಕಣವ್ವ. ಮೆಣಸಿನಪುಡಿ ಬ್ಯಾಡ. ಒಂದು ವಾರ, ಕಚ್ಚಿದ ಹೊತ್ತು ಬರ್ಕೊ. ನಮ್ಮಲ್ಲಿ ಜಗಳವೆಲ್ಲ ಊಟಕ್ಕೆ ಮುಂಚಿನ ಅರ್ಧ ಗಂಟೇಲೇ, ಇದ್ದ ಒಂದೇ ಮೂರುಚಕ್ರದ ಸೈಕಲ್ಲಿಗೆ. ಮಾತು ಬರೋ ಮಗು ಬಾಯಲ್ಲಿ ಕೇಳ್ತದೆ, ಬರದೇ ಇರೋದು ಹಲ್ಲಲ್ಲಿ ಕೇಳ್ತದೆ. ಬಾಯಿ ಹಾಕೋಕೆ ಮುಂಚೆ ಕೈ ಹಿಡಿದು ‘ನಂಗೂ ಕೊಡು’ ಅನ್ನಿಸು. ಕಚ್ಚಿಸ್ಕೊಂಡ ಮಗೂನ ಮೊದ್ಲು ಎತ್ಕೊಳ್ಳೋಕೆ ಟೀಚರಿಗೆ ಹೇಳು, ನಿನ್ನ ಮಗನ್ನಲ್ಲ. ಮೈಸೂರಲ್ಲೇ ಇದ್ದೀಯ, ವಾಕ್ ಶ್ರವಣ ಸಂಸ್ಥೇಲಿ ಅವನ ಕಿವಿ, ಮಾತು ಎರಡೂ ಒಂದ್ಸಲ ತೋರಿಸು.

ಮೈಸೂರಮ್ಮ, ಹತ್ತು ದಿನದ ಮೇಲೆ:
ಬರೆದಿಟ್ಟೆ ಅಜ್ಜಿ. ಐದರಲ್ಲಿ ನಾಲ್ಕು ಸಲ ಹನ್ನೊಂದೂವರೆ ಮೇಲೇ. ಬೆಳಗ್ಗೆ ಪಾಪುವಿನ ಗಡಿಬಿಡೀಲಿ ಇವನು ಅರ್ಧ ಇಡ್ಲಿ ತಿಂದು ಹೋಗ್ತಿದ್ದ, ನಾನು ನೋಡಿರಲೇ ಇಲ್ಲ. ಈಗ ಹತ್ತೂವರೆಗೆ ಬಾಳೆಹಣ್ಣು ಕೊಡಿ ಅಂತ ಆಯಾಗೆ ಹೇಳಿದೀನಿ. ನಿನ್ನೆ ಕಚ್ಚಲಿಲ್ಲ, ತಳ್ಳಿದ. ಸಂಸ್ಥೆಗೆ ಸೋಮವಾರ ಹೋಗ್ತೀವಿ, ಮಾವನೂ ಬರ್ತಾರಂತೆ. ಮೊನ್ನೆ ಅವರ ಕೈಗೇ ಕಚ್ಚಿದ. ‘ಗಂಡು ಹುಡುಗ’ ಅನ್ನೋದು ಇನ್ನೂ ನಿಂತಿಲ್ಲ, ದನಿ ಮಾತ್ರ ಸ್ವಲ್ಪ ಇಳಿದಿದೆ.