ಮೂರನೇ ಅಡ್ಡರಸ್ತೆ ನಿವಾಸಿಗಳು: ಬಾವಿಯ ಮೇಲೆ ಎಣ್ಣೆ ಪೊರೆ

ಮನೆ 11 · ಬೆಳಿಗ್ಗೆ 5:52
12ರ ಮನೇಲಿ ಕಾರಿನ ಎಂಜಿನ್ ಬಿಚ್ಚಿ ತೊಳೆಯೂದು, ರಾತ್ರಿ ಒಂದೂವರೆವರೆಗೆ ಕಂಪ್ರೆಸರ್ ಬೊಬ್ಬೆ. ನಡುನಡುವೆ ಕಬ್ಬಿಣದ ಮೇಲೆ ಢಂ ಢಂ. ಎರಡಕ್ಕೆ ಮಳೆ. ಈಗ ಕೊಡಪಾನ ಇಳಿಸಿದ್ರೆ ನೀರ ಮೇಲೆ ಕಾಮನಬಿಲ್ಲು, ಮೂಗಿಗೆ ಸೀಮೆಎಣ್ಣೆ ನಾತ. 12ರ ಅಂಗಳದ ಕಪ್ಪುನೀರು ಮೋರಿ ಹಿಡ್ದು ಬಂದು ಆ ಚಪ್ಪಡಿ ಒಡೆದ ಜಾಗದಲ್ಲಿ ನಮ್ಮ ಬಾವಿಗೆ ಹೊಕ್ಕಿದೆ. ಯಾವ ಜಾಗ ಹೇಳಿ ಎಲ್ಲರಿಗೂ ಗೊತ್ತು. ಮೇ ಕೊನೆ, ಬಾವೀಲಿ ಇರೂದೇ ನಾಕು ಮೊಳ ನೀರು. ಅದಕ್ಕೂ ಎಣ್ಣೆ ಬಿದ್ರೆ ಕುಡಿಯೂದೆಂತ? ಇದು ಮನೆ ಅಂಗಳವಾ, ಗ್ಯಾರೇಜಾ?

ಮನೆ 15 · 6:03
ಮೋರಿ ಅಲ್ಲಿ ಒಡೆದದ್ದು ಹೌದು ಅಂತ ಇವತ್ತಾದ್ರೂ ಒಪ್ಪಿದ್ರಲ್ಲ. ಎರಡು ವರ್ಷದಿಂದ ಕೂಗ್ತಾ ಇದ್ದೇನೆ.

ಮನೆ 5 · 6:05
ಅದು ಆಮೇಲೆ. ಅಕ್ಕ, ಮೋಟರ್ ಹಾಕಿಲ್ಲ ಅಲ್ದಾ? ಹಾಕ್ಬೇಡಿ. ಕುಡಿಯೂಕೆ ನಮ್ಮ ಬಾವಿಯಿಂದ ಒಯ್ಯಿರಿ, ನಮ್ಮದು ಮೇಲಿದೆ, ಅಲ್ಲಿಗೆ ಬಂದಿಲ್ಲ.

ಮನೆ 3 · 6:11
5ರ ಅಕ್ಕೋರು ಹೇಳಿದ್ದು ಸರಿ. ಎಲ್ಲರೂ ಪೂರ್ತಿ ಓದಿ. ಎಣ್ಣೆ ಈಗ ನೀರ ಮೇಲೆ ಪೊರೆಯಾಗಿ ನಿಂತಿದೆ, ನಿಂತಷ್ಟು ಹೊತ್ತು ತೆಗೆಯೂಕೆ ಬರ್ತದೆ. ಮೋಟರ್ ಹಾಕಿ ನೀರು ಇಳಿಸಿದ್ರೆ ಪೊರೆ ಪೈಪಿನ ಕೆಳತುದಿಯ ಫುಟ್‌ವಾಲ್ವ್ ಹತ್ತಿರ ಇಳೀತದೆ, ಪಂಪಿನೊಳಗೆ ಹೋಗಿ ಮಜ್ಜಿಗೆ ಕಡೆದ ಹಾಗೆ ಬೆರೀತದೆ. ಆಮೇಲೆ ಟ್ಯಾಂಕು, ಪೈಪು, ನಲ್ಲಿ ಎಲ್ಲ ಕಡೆ ಅದೇ ನಾತ, ತಿಂಗಳುಗಟ್ಟಲೆ ಹೋಗೂದಿಲ್ಲ.
ಹಳೇ ಬೂರುಗದ ಹತ್ತಿಯ ದಿಂಬು ಯಾರ ಮನೇಲಿದೆ? ಬೂರುಗದ ಹತ್ತಿ ನೀರು ಹೀರೂದಿಲ್ಲ, ಎಣ್ಣೆ ಹೀರ್ತದೆ, ತೇಲ್ತದೆ. ಸೊಳ್ಳೆಪರದೆ ತುಂಡಿನಲ್ಲಿ ಸಡಿಲವಾಗಿ ಮೂರು ಗಂಟು ಕಟ್ಟಿ, ಹಗ್ಗ ಬಿಗಿದು ನೀರ ಮೇಲೆ ಬಿಡಿ, ಒಂದು ಗೋಡೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಎಳೀರಿ. ಹಿಂಡಿದ್ದು ಡಬ್ಬಕ್ಕೆ, ಮೋರಿಗೆ ಅಲ್ಲ. ಮುಳುಗಿಸ್ಬೇಡಿ. ಸಾದಾ ಹತ್ತಿಬಟ್ಟೆ ಬೇಡ, ಅದು ಮೊದ್ಲು ನೀರು ಕುಡಿದು ಮುಳುಗ್ತದೆ.
ಬ್ಲೀಚಿಂಗ್ ಪುಡಿ ಕ್ರಿಮಿಗೆ, ಎಣ್ಣೆಗೆ ಅಲ್ಲ. ಕುದಿಸಿದ್ರೂ ಹೋಗೂದಿಲ್ಲ, ಆವಿ ಅಡುಗೆಮನೆ ತುಂಬ್ತದೆ ಅಷ್ಟೇ. ಪೊರೆಯೂ ನಾತವೂ ಎರಡೂ ಹೋದ ಮೇಲೆ ನೀರು ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ದನಕ್ಕೂ ಕುಡಿಸ್ಬೇಡಿ.

ಮನೆ 7 · 6:20
ಫಾರ್ವರ್ಡ್: ಒಂದು ಮುಷ್ಟಿ ನುಗ್ಗೆಬೀಜದ ಪುಡಿ ಹಾಕಿ, ಎಂಥಾ ಬಾವಿಯೂ ಒಂದೇ ರಾತ್ರಿಯಲ್ಲಿ ಶುದ್ಧ!! ಹತ್ತು ಜನಕ್ಕೆ ಕಳಿಸಿ 🙏

ಮನೆ 5 · 6:22
ನುಗ್ಗೆಬೀಜ ನೀರಲ್ಲಿದ್ದ ಕೆಸರನ್ನ ಕೂಡಿಸಿ ತಳಕ್ಕೆ ಇಳಿಸ್ತದೆ. ತೇಲುವ ಎಣ್ಣೆಗೆ ಅದರ ಕೆಲಸ ಇಲ್ಲ. ದಯವಿಟ್ಟು ಮುಂದೆ ಕಳಿಸ್ಬೇಡಿ.

ಮನೆ 12 · 6:40
ಅಕ್ಕ, ತಪ್ಪು ನಂದೇ. ಲೆಕ್ಕ ಹೇಳ್ತೆ. ಎಂಜಿನ್ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 1600. ಇಳಿಸಿದ ಆಯ್ಲ್ ಎರಡೂವರೆ ಲೀಟರ್ ಮುಚ್ಚಳದ ಕ್ಯಾನಿನಲ್ಲಿ ಭದ್ರ ಇದೆ. ಹೋದದ್ದು ಎಂಜಿನ್ ಭಾಗ ತೊಳೆದ ಸೀಮೆಎಣ್ಣೆ. ಟ್ರೇಯಲ್ಲಿ ಹತ್ತು ಲೀಟರ್ ಇತ್ತು, ಈಗ ನಾಕು ಉಳಿದಿದೆ. ಟ್ರೇ ಅಂಗಳದಲ್ಲೇ ತೆರೆದಿತ್ತು. ಮಳೆನೀರು ಅಡಿಗೆ ಸೇರ್ತು, ಎಣ್ಣೆ ಮೇಲೆ ಎದ್ದಿತು, ಟ್ರೇ ತುಂಬಿದ ಕೂಡ್ಲೆ ಮೊದ್ಲು ಹೊರಗೆ ಚೆಲ್ಲಿದ್ದು ಎಣ್ಣೆಯೇ. ಹತ್ತಿ ನಮ್ಮನೇಲಿ ಎರಡು ದಿಂಬು ಇದೆ, ತಕ್ಕೊಂಡು ಈಗಲೇ ಬರ್ತೆ.

ಮನೆ 9 · 6:44
ಬೀಟಲ್ ಅಂದ್ರೆ ಜೀರುಂಡೆ ಅಲ್ದಾ? ಜೀರುಂಡೆ ರಾತ್ರಿಯಿಡೀ ಕೂಗೂದು ಸಹಜ ಬಿಡಿ 😄

ಮನೆ 11 · 6:45
ನಗು ಬರೂದಿಲ್ಲ. ಬಾವಿ ನಿಮ್ಮದಲ್ಲ.

ಮನೆ 3 · 6:58
12ರ ತಮ್ಮ, ಆ ಢಂ ಢಂ ಎಂಜಿನ್ ತುದಿಯ ಭಾರದ ಗಾಲಿ, ಫ್ಲೈವೀಲಿನ ನಟ್ಟಿಂದಾ? 36 ಮಿಮೀ ಸಾಕೆಟ್ಟಿಗೆ ಪೈಪ್ ಸಿಕ್ಸಿ ಬಡಿದಿರ್ತೀರಿ. ಅದನ್ನ ಕಟ್ಟಿದ್ದೇ ಸುಮಾರು 300 ನ್ಯೂಟನ್ ಮೀಟರ್ ಬಿಗಿತಕ್ಕೆ, ಬಡಿದ್ರೆ ಬಿಡೂದಿಲ್ಲ. ಫ್ಲೈವೀಲಿಗೆ ಉದ್ದದ ಕಬ್ಬಿಣಪಟ್ಟಿ ಬೋಲ್ಟ್ ಮಾಡಿ ನೆಲಕ್ಕೆ ತಾಗಿಸಿ, ನಾಕಡಿ ಪೈಪ್ ಹಾಕಿ ಒಂದೇ ಸಮ ಭಾರ ಬಿಡ್ಬೇಕು. ಸದ್ದೇ ಇಲ್ಲದೆ ಬರ್ತದೆ. ಬಿಚ್ಚುವ ಮೊದ್ಲು ಡಯಲ್ ಗೇಜ್ ಇಟ್ಟು ಕ್ರ್ಯಾಂಕಿನ (ಒಳಗೆ ತಿರುಗುವ ಮುಖ್ಯ ದಂಡದ) ಹಿಂದೆಮುಂದಿನ ಆಟ ಅಳೆದಿದ್ರಾ? 0.07ರಿಂದ 0.13 ಮಿಮೀ ಇರ್ಬೇಕು. ಮೊದ್ಲೇ ಅಳೆದ್ರೆ ಎಂಜಿನ್ನಿನ ಹೊರಗೂಡು, ಕೇಸ್, ಸವೆದಿರ್ಬಹುದಾ ಅಂತ ಅಲ್ಲೇ ಸುಳಿವು ಸಿಗ್ತದೆ.

ಮನೆ 12 · 7:01
ಅಳೆದೆ ಮಾಸ್ತರ್ರೇ. 0.20 ಇದೆ.

ಮನೆ 3 · 7:03
ಹಾಗಾದ್ರೆ ಕೇಸ್ ಎರಡು ಹೋಳು ಮಾಡ್ಲೇಬೇಕು. ಮೂರು ಶಿಮ್ (ತೆಳು ಬಳೆ) ಬದಲಾಯಿಸಿದ್ರೆ ಆಟ ಸರಿಯಾಗ್ತದೆ, ಆದ್ರೆ ಒಂದನೇ ಬೇರಿಂಗ್ ಕೂರುವ ಜಾಗವೇ ಅಗಲ ಆಗಿದ್ರೆ ಶಿಮ್ ಹಾಕಿ ಸವೆತ ಮುಚ್ಚಿಟ್ಟಂಗೆ.

ಮನೆ 15 · 7:10
ಎಂಜಿನ್ ಪಾಠ ಆಮೇಲೆ. ಮೋರಿ ಚಪ್ಪಡಿ ಒಡೆದದ್ದು 11ರವರ ಮನೆಗೆ ಚಿರೇಕಲ್ಲಿನ ಲಾರಿ ಬಂದಾಗ. ಚಪ್ಪಡಿ ಸರಿ ಇದ್ದಿದ್ರೆ ಎಣ್ಣೆ ಕೆಳಗೆ ಹೋಗ್ತಿತ್ತು, ಬಾವಿಗೆ ಬರ್ತಿರಲಿಲ್ಲ.

ಮನೆ 11 · 7:12
ಕೆಳಗೆ ಅಂದ್ರೆ ನಿಮ್ಮ ಬಾವಿಗೆ. ಆಗ ನೀವು ಸುಮ್ಮನಿರ್ತಿದ್ರಾ? ಲಾರಿ ಹತ್ತಿದ್ದು ಹೌದು, ಆದ್ರೆ ಗುತ್ತಿಗೆದಾರ ಎರಡಿಂಚು ದಪ್ಪ ಚಪ್ಪಡಿ ಹಾಕಿದ್ದು ಯಾರ ಕಣ್ಣೆದುರಿಗೆ?

ಮನೆ 5 · 7:15
ಚಿರೇಮಣ್ಣು ಜಾಳು, ಎಲ್ಲ ಒಳಗಿಳೀತದೆ. ಚಪ್ಪಡಿ ಒಡೆದಿರ್ಲಿ ಬಿಡ್ಲಿ, ಮೋರಿಗೆ ಬಿದ್ದ ಎಣ್ಣೆ ಇವತ್ತಲ್ಲ ನಾಳೆ ಯಾರದ್ದಾದ್ರೂ ಬಾವಿ ಸೇರ್ತದೆ. ಎಣ್ಣೆ ನೆಲಕ್ಕೇ ಬೀಳಬಾರ್ದು. ಅದನ್ನ ಮಾತಾಡುವ.

ಮನೆ 9 · 7:21
ಸೀಮೆಎಣ್ಣೆ ಯಾಕೆ? ಕುದಿವ ನೀರಿಗೆ ಕಾಸ್ಟಿಕ್ ಸೋಡ ಹಾಕಿ ಮುಳುಗಿಸಿ. ಹಂಡೆಯ ಮಸಿ ಹೋದಂಗೆ ಹೋಗ್ತದೆ.

ಮನೆ 3 · 7:34
ಬೇಡ ಬೇಡ. ಈ ಎಂಜಿನ್ ಮೂರು ಲೋಹದ್ದು. ಸಿಲಿಂಡರ್ ಬ್ಯಾರಲ್ ಬೀಡುಕಬ್ಬಿಣ, ಹೆಡ್ ಮತ್ತು ಪಿಸ್ಟನ್ ಅಲ್ಯೂಮಿನಿಯಂ, ಕ್ರ್ಯಾಂಕ್‌ಕೇಸ್ ಮೆಗ್ನೀಷಿಯಂ ಮಿಶ್ರಲೋಹ. ಕಾಸ್ಟಿಕ್ ಅಲ್ಯೂಮಿನಿಯಂ ತಿಂತದೆ, ತಿನ್ನುವಾಗ ಹೈಡ್ರೋಜನ್ ಬಿಡ್ತದೆ, ಕಿಡಿ ತಾಗಿದ್ರೆ ಭಗ್ ಅಂತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಮೆಗ್ನೀಷಿಯಂ ತಿಂತದೆ. ಕೇಸಿಗೆ ಗ್ರೈಂಡರ್ ಹಚ್ಚೂದೂ ಬೇಡ, ಆ ಪುಡಿಗೆ ಬೆಂಕಿ ಹತ್ತಿದ್ರೆ ನೀರು ಹಾಕಿದಷ್ಟೂ ಜೋರು.
ಪೆಟ್ರೋಲಂತೂ ಮುಟ್ಲೇಬೇಡಿ. ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡ್ದು ಹರಿದು ಬಚ್ಚಲೊಲೆಯವರೆಗೆ ಹೋಗ್ತದೆ. ಸೀಮೆಎಣ್ಣೆ ಸಿಗದಿದ್ರೆ ಡೀಸೆಲ್.
ಹತ್ತು ಲೀಟರ್ ಬೇಕಾದದ್ದೇ ತಪ್ಪು ಕ್ರಮದಿಂದ. ಮುಕ್ಕಾಲು ಕೊಳೆ ಒಣಗಿದ್ದಾಗಲೇ ಬರ್ಬೇಕು. ಮೊದ್ಲು ತಗಡಿನ ಹೊದಿಕೆ, ಫ್ಯಾನಿನ ಗೂಡು ಬಿಚ್ಚಿ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ಬ್ಯಾರಲ್ ಸುತ್ತಿನ ರೆಕ್ಕೆಗಳೇ ರೇಡಿಯೇಟರ್. ರೆಕ್ಕೆ ನಡುವೆ ಆಯ್ಲ್, ಧೂಳು, ತರಗೆಲೆ, ಇಲಿಗೂಡಿನ ಕತ್ತ ಸೇರಿ ಗಟ್ಟಿ ಕೂತಿರ್ತದೆ. ಬಿದಿರಿನ ಸೀಳಿಂದ ಕೆರೀರಿ, ಉಕ್ಕಿನ ಸ್ಕ್ರೂಡ್ರೈವರ್ ಬೇಡ. ಅಡಿಗೆ ಗೋಣಿಚೀಲ. ಆಮೇಲೆ ಒಂದು ಲೀಟರ್ ಡೀಸೆಲ್ ಬ್ರಷ್ಷಲ್ಲಿ ಹಚ್ಚಿ ಅರ್ಧ ಗಂಟೆ ಬಿಟ್ಟು ಮತ್ತೆ ಕೆರೀರಿ. ಕೊನೆಗೆ ಮೂರು ಲೀಟರ್ ಟ್ರೇಯಲ್ಲಿ ಬಿಡಿಭಾಗ ತೊಳೀರಿ. ಕೊಳಕಾದದ್ದು ಕ್ಯಾನಿನಲ್ಲಿ ರಾತ್ರಿ ನಿಂತ್ರೆ ಮಡ್ಡಿ ಇಳೀತದೆ, ಮೇಲಿನದ್ದು ಬಸಿದು ಮತ್ತೆ ಬಳಸ್ಬಹುದು.
ಮೂರನೇ ಸಿಲಿಂಡರಿನ ರೆಕ್ಕೆ ಎರಡು ಸಲ ನೋಡಿ. ಹಳೇ ಮಾದರಿಯಲ್ಲಿ ಆಯ್ಲ್ ಕೂಲರ್ ಫ್ಯಾನ್ ಗೂಡಿನೊಳಗೇ ಅದರ ಮೇಲೆ ನಿಂತಿದೆ, ಅದಕ್ಕೆ ಬಿಸಿಯಾದ ಗಾಳಿಯೇ ಸಿಗೂದು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮೊದ್ಲು ಸುಡೂದೂ ಅಲ್ಲೇ.

ಮನೆ 3 · 7:36
ಕಂಪ್ರೆಸರ್ ಎಂತಕ್ಕೆ ಹಚ್ಚಿದ್ದು? ಕ್ಲಚ್ ಧೂಳಿಗಾ?

ಮನೆ 12 · 7:38
ಹೌದು, ಕ್ಲಚ್ ಗೂಡಿಗೆ, ರೆಕ್ಕೆಗೆ.

ಮನೆ 3 · 7:40
ಹಳೇ ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು. ಊದಿದ್ರೆ ಬೀದಿಯವರ ಶ್ವಾಸಕ್ಕೆಲ್ಲ ಹೋಗ್ತದೆ. ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆ ಪ್ಲಾಸ್ಟಿಕ್ಕಲ್ಲಿ ಕಟ್ಟಿಡಿ. ಗಾಳಿ ಬೇಕಾಗೂದು ಕೊನೆಗೆ ಆಯ್ಲ್ ದಾರಿ ಊದೂಕೆ ಮಾತ್ರ, ಹತ್ತು ನಿಮಿಷದ ಕೆಲಸ, ಹಗಲಲ್ಲಿ.

ಮನೆ 5 · 7:44
ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ, 2000ದ ಶಬ್ದ ನಿಯಮ. ಕಂಪ್ರೆಸರ್ ಅದರ ಎಷ್ಟೋ ಮೇಲೆ. ಕತ್ತಲಾದ ಮೇಲೆ ಯಂತ್ರ ಬೇಡ ತಮ್ಮ.

ಮನೆ 7 · 7:50
ಇವತ್ತು ಪೇಟೇಲಿ ಬಂಗಡೆ ಚೆನ್ನಾಗಿದೆಯಂತೆ. ಜೂನ್ 1ರಿಂದ ಜುಲೈ 31 ಬೋಟು ಬಂದ್, ಬೇಕಾದವ್ರು ಈಗಲೇ ತಕ್ಕೊಳ್ಳಿ 🐟

ಮನೆ 14 · 7:52
ಆ ಎರಡೂವರೆ ಲೀಟರ್ ಹಳೇ ಆಯ್ಲ್ ನಂಗೆ ಕೊಡ್ತ್ರಾ? ಬೇಲಿ ಗೂಟಕ್ಕೆ ಹಚ್ಚಿದ್ರೆ ಒರಲೆ ಹತ್ತೂದಿಲ್ಲ.

ಮನೆ 5 · 7:55
ಕೊಡ್ಬೇಡಿ. ಗೂಟದಿಂದ ಮಳೇಲಿ ಇಳಿದು ಅದೇ ಬಾವಿಗೆ ಬರ್ತದೆ, ಬೇರಿಂಗಿನಿಂದ ಸವೆದ ಲೋಹವೂ ಅದರೊಟ್ಟಿಗೆ. ಬಳಸಿದ ಎಣ್ಣೆ 2016ರ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇದ್ದವರಿಗೇ ಹೋಗ್ಬೇಕು. ಯಾವ ಗ್ಯಾರೇಜಿನಿಂದ ಅವರು ಡ್ರಮ್ ಒಯ್ತಾರೆ ಕೇಳಿ, ಅಲ್ಲಿಗೆ ಸೇರಿಸುವ. ಸೀಮೆಎಣ್ಣೆಯನ್ನ ಅದಕ್ಕೆ ಬೆರೆಸ್ಬೇಡಿ, ಬೇರೆ ಕ್ಯಾನ್.

ಮನೆ 14 · 7:57
ಅಜ್ಜನ ಕಾಲದಿಂದ ಹಚ್ತಿದ್ದೆವು. ಸರಿ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ತೆ.

ಮನೆ 12 · 8:30
ಅಕ್ಕನ ಬಾವೀಲಿ ಮೂರು ಸುತ್ತು ಹತ್ತಿ ಎಳೆದಾಯ್ತು. ಕಾಮನಬಿಲ್ಲು ಅರ್ಧಕ್ಕರ್ಧ ಕಮ್ಮಿ. ನಾತ ಇನ್ನೂ ಇದೆ. ಅಂಗಳಕ್ಕೆ ಸಾಮಿಲ್ಲಿನ ಮರದ ಹೊಟ್ಟು ನಾಕು ಚೀಲ ಹಾಕಿದೆ.

ಮನೆ 3 · 8:33
ಆ ಹೊಟ್ಟು ಇವತ್ತೇ ಗುಡಿಸಿ ಚೀಲ ಕಟ್ಟಿ, ಸಂಜೆ ಮಳೆ ಬಂದ್ರೆ ಮತ್ತೆ ಅದೇ ಕತೆ. ಒಲೆಗೆ ಹಾಕ್ಬೇಡಿ. ಇನ್ನು ಕೇಸಿನ ವಿಷಯ.

ಮನೆ 15 · 8:34
ಮಾಸ್ತರ್ರೇ, ಮೋರಿ ವಿಷಯ!

ಮನೆ 3 · 8:47
ಹೇಳ್ತೆ, ಇದು ಮುಗೀಲಿ. ಪಿಸ್ಟನ್ನನ್ನ ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ ಬರದಿದ್ರೆ ಸುತ್ತಿಗೆ ಎತ್ಬೇಡಿ, ಕನೆಕ್ಟಿಂಗ್ ರಾಡ್ ಬಗ್ಗತದೆ. ಸರ್‌ಕ್ಲಿಪ್ ತೆಗೆದು, ಕುದಿವ ನೀರಲ್ಲಿ ಅದ್ದಿದ ಬಟ್ಟೆ ಪಿಸ್ಟನ್ನಿಗೆ ಸುತ್ತಿ, 80 ಡಿಗ್ರಿ ಹತ್ತಿರ ಬಂದ್ರೆ ಬೆರಳಲ್ಲೇ ಜಾರ್ತದೆ. ಪಿಸ್ಟನ್ ತಲೆ ಮೇಲಿನ ಬಾಣ ಫ್ಲೈವೀಲ್ ಕಡೆಗೆ, ಬಿಚ್ಚುವಾಗಲೇ ನಂಬರ್ ಬರೀರಿ.
ಕೇಸ್ ಬಿಡಿಸುವ ಮೊದ್ಲು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಡ್ರೈವ್ ಶಾಫ್ಟ್ ಮೇಲೆತ್ತಿ, ಅದರಡಿ ಎರಡು ವಾಷರ್ ಇರ್ತದೆ, ಮ್ಯಾಗ್ನೆಟ್ಟಲ್ಲಿ ತೆಗೀರಿ. ಎಲ್ಲ ನಟ್ ಬಿಚ್ಚಿಯೂ ಕೇಸ್ ಬಿಡೂದಿಲ್ಲ ಅಂದ್ರೆ ಒಂದು ನಟ್ ಉಳಿದಿದೆ ಅಂತಲೇ ಅರ್ಥ. ಹುಡುಕಿ. ಜೋಡಣೆಯ ಸಂದಿಗೆ ಸ್ಕ್ರೂಡ್ರೈವರ್ ತುರುಕಿದ್ರೆ ಕೇಸ್ ಹಾಳು, ಯಾಕಂದ್ರೆ ಆ ಎರಡು ಹೋಳಿನ ನಡುವೆ ಗ್ಯಾಸ್ಕೆಟ್ಟೇ ಇಲ್ಲ, ಲೋಹಕ್ಕೆ ಲೋಹ. ಒಂದು ಗೀರು ಬಿದ್ರೆ ಜೀವಮಾನ ತೊಟ್ಟಿಕ್ತದೆ. ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ.
ಒಳಗೆ ಆಯ್ಲ್ ದಾರಿಯ ಅಲ್ಯೂಮಿನಿಯಂ ಬಿರಡೆ ಬಿಚ್ಚದೆ ತೊಳೆದ್ರೆ ತೊಳೆದಂಗಲ್ಲ, ಮಡ್ಡಿ ಕೂರೂದೇ ಅದರ ಹಿಂದೆ. ಬಿರಡೆಗೆ ತೂತು ಕೊರೆದು ಎಳೆದು, ದಾರಿಗೆ ಥ್ರೆಡ್ ಹಾಕಿ, ಸ್ಕ್ರೂ ಬಿರಡೆ ಕೂರಿಸ್ಬೇಕು. ಲೇತಿನವರ ಕೆಲಸ, ಮನೇಲಿ ಬೇಡ. ಅಲ್ಲೇ ಕ್ರ್ಯಾಂಕ್ ಕೂರುವ ಮೇನ್ ಬೇರಿಂಗಿನ ಸಾಲು ನೇರ ಇದೆಯಾ ಅಂತಲೂ ಅಳೆಸಿ.
ತೊಳೆದ ತಕ್ಷಣ ಒರೆಸಿ ಹೊಸ ಆಯ್ಲ್ ಸವರಿ, ಪ್ಲಾಸ್ಟಿಕ್ ಸುತ್ತಿ. ಕುಮಟೆಯ ಉಪ್ಪುಗಾಳಿಗೆ ಬ್ಯಾರಲ್ ಒಂದೇ ದಿನಕ್ಕೆ ಕೆಂಪಾಗ್ತದೆ, ಕೇಸ್ ಬೆಳ್ಳಗೆ ಪುಡಿ ಬಿಡ್ತದೆ.
ಜೋಡಿಸುವಾಗ ವಾಲ್ವ್ ಎತ್ತುವ ಪುಷ್‌ರಾಡ್ ಕೊಳವೆ ಎಂಟೂ 190 ಮಿಮೀಗೆ ಎಳೆದು ಹಾಕಿ. ಗಿಡ್ಡ ಇದ್ರೆ ಸೀಲ್ ಒತ್ತೂದಿಲ್ಲ, ಅಲ್ಲಿಂದಲೇ ಆಯ್ಲ್ ಸೋರಿ, ಧೂಳು ಹಿಡಿದು, ಮತ್ತೆ ಇದೇ ಕೊಳೆ.

ಮನೆ 5 · 9:05
ನಾಕು ಮಾತು ಬರೀತೆ, ಒಪ್ಪಿಗೆ ಹೇಳಿ. ತೊಳೆಯೂದು ಸಿಮೆಂಟ್ ನೆಲದ ಶೆಡ್ಡಿನೊಳಗೆ, ಟ್ರೇ ಅಡಿಗೆ ಇನ್ನೊಂದು ದೊಡ್ಡ ಟ್ರೇ. ಯಂತ್ರ ಬೆಳಿಗ್ಗೆ 9ರಿಂದ ಸಂಜೆ 6. ಎಣ್ಣೆ ಒಯ್ದ ದಿನ ಗುಂಪಿಗೆ ಫೋಟೋ. ಚಪ್ಪಡಿ ಭಾನುವಾರ ಬದಲಾಯಿಸೂದು, ಎಂಟು ಮನೆ ಹಂಚಿಕೊಳ್ಳೂದು.

ಮನೆ 11 · 9:08
ಮೊದ್ಲ ಮೂರು ಒಪ್ಪಿದೆ. ಚಪ್ಪಡಿಗೆ 12ರವರು ಕೊಡ್ಲಿ.

ಮನೆ 12 · 9:09
ಅರ್ಧ ನಾನು ಕೊಡ್ತೆ.

ಮನೆ 15 · 9:10
ಇನ್ನರ್ಧ 11. ಎಂಟು ಮನೆ ಯಾಕೆ?

ಮನೆ 8 · 9:11
ನಮ್ಮ ಗೇಟಿನೆದುರು ಮೋರಿಯೇ ಇಲ್ಲ. ನಾವು ಕೊಡೂದಿಲ್ಲ.

ಮನೆ 14 · 9:26
ಚಪ್ಪಡಿ ಹಾಗಿರ್ಲಿ. ಮೂಲೆಯ ರಸ್ತೆಯಡಿ ಮೋರಿನೀರು ಹೋಗುವ ಪೈಪ್ ನೋಡ್ಕೊಂಡು ಬಂದೆ. ಬಾಯಿಗೆ ತೆಂಗಿನ ಹೆಡೆ, ಮಣ್ಣು, ಒಂದು ಹಾಸಿಗೆ. ನೀರು ಅಲ್ಲೇ ನಿಂತು ಹಿಂದೆ ಬರ್ತಿದೆ. ನಿನ್ನೆ ಮೋರಿ ತುಂಬಿ ಹರಿದದ್ದು ಅದಕ್ಕೇ. ಜೂನ್ ಮಳೆ ಹಿಡಿದ್ರೆ 13, 14, 15 ಮೂರೂ ಮನೆ ಒಳಗೆ ನೀರು.

ಮನೆ 15 · 9:27
ಹಾಸಿಗೆ ಹಾಕಿದ್ದು ಯಾರು???

ಮನೆ 3 · 9:31
ಯಾರೇ ಆಗ್ಲಿ. ಕೆಳಗಿನ ಬಾಯಿಂದ ಶುರು ಮಾಡ್ಬೇಕು, ಮೇಲಿಂದ ಚುಚ್ಚಿದ್ರೆ ಇನ್ನೂ ಒಳಗೆ ಕಚ್ಚತದೆ. ಎರಡು ಹಾರೆ, ಕೊಕ್ಕೆ ಕಟ್ಟಿದ ಉದ್ದ ಅಡಿಕೆ ದಬ್ಬೆ, ನಾಕು ಜನ. ಭಾನುವಾರ ಏಳು ಗಂಟೆ. ಯಾರು ಬರ್ತ್ರಿ ಹೇಳಿ.

ಮನೆ 8 · 9:32
ನಾನು ಬರ್ತೆ. ಹಾರೆ ಇದೆ.

ಮನೆ 9 · 9:32
ನಾನೂ.

ಮನೆ 14 · 9:33
ದಬ್ಬೆ ನಮ್ಮ ತೋಟದ್ದು ತರ್ತೆ.

ಮನೆ 12 · 9:40
ನಾನೂ ಬರ್ತೆ. ಅಕ್ಕೋರೇ, ಆ ನಾಕು ಮಾತು ನಿಕ್ಕಿಯಾಯ್ತಾ? ಕೇಸ್ ಲೇತಿಗೆ ಯಾವತ್ತು ಒಯ್ಯೂದು ನೋಡ್ಬೇಕು.

ಮನೆ 15 · 9:41
ಭಾನುವಾರ ಏಳಕ್ಕೆ ಬೇಡ, ಆರಕ್ಕೆ. ಬಿಸಿಲು ಏರ್ತದೆ.

ಮನೆ 11 · 9:58
ಹತ್ತಿ ಮುಗೀತು. ಇನ್ನೊಂದು ದಿಂಬು ಯಾರ ಹತ್ರ ಇದೆ?