ಮುಚ್ಚಿಟ್ಟ ಸತ್ಯವೋ, ತಿದ್ದಿದ ಸತ್ಯವೋ?

ಗೆಳೆಯರೇ,

ಒಂದು ಕಾದಂಬರಿ ಬರೆಯುತ್ತಿದ್ದೇನೆ. ಇನ್ನೂ ಬಾರದ ಕಾಲದ ಕಥೆ. ಅಲ್ಲಿನ ಸರ್ಕಾರ ಹಳೆಯ ದಾಖಲೆಗಳನ್ನು ತನಗೆ ಬೇಕಾದಂತೆ ಬದಲಿಸುತ್ತಾ ಬಂದಿದೆ. ಆ ಕಚೇರಿಯಲ್ಲೇ ಕೆಲಸ ಮಾಡುವ ಒಬ್ಬಳು ಮೂಲದಲ್ಲಿ ಏನಿತ್ತೆಂದು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತಾಳೆ. ನಿಧಾನವಾಗಿ ಅವಳ ಸುತ್ತ ಒಂದು ಗುಂಪು ಬೆಳೆಯುತ್ತದೆ. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಕಿವಿಗೆ ಅವು ಹೇಗೆ ಕೇಳುತ್ತವೆ, ತಿಳಿಯಬೇಕು.

ಮೊದಲು ಇಂಥ ಲೋಕಕ್ಕೆ ಏನೆನ್ನುವುದು? ಬೆನ್ನುಡಿಯಲ್ಲಿ ‘ಡಿಸ್ಟೋಪಿಯ’ ಎಂದು ಹಾಗೇ ಬರೆದರೂ ಓದುವವರಿಗೆ ತಿಳಿಯುತ್ತದೆ. ಆದರೆ ಕಥೆಯೊಳಗೆ ಒಬ್ಬ ಮುದುಕ ತಾನಿರುವ ಕಾಲಕ್ಕೆ ಒಂದು ಹೆಸರಿಡುವ ಜಾಗವಿದೆ. ಅವನ ಬಾಯಲ್ಲಿ ಆ ಪದ ಬರಲಾರದು. ‘ಯುಟೋಪಿಯ’ ಎಂಬುದು 1516ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್ ತನ್ನ ಪುಸ್ತಕದ ಆದರ್ಶ ನಾಡಿಗೆ ಗ್ರೀಕ್ ಪದಗಳಿಂದ ಕಟ್ಟಿದ ಹೆಸರು. ಎಲ್ಲೂ ಇಲ್ಲದ ಜಾಗ ಎಂದು ಅದರ ಅರ್ಥ. ಅದಕ್ಕೆ ಎದುರಾದ, ‘ಡಿಸ್’ ಹಚ್ಚಿದ ಪದವನ್ನು ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1868ರಲ್ಲಿ ಬ್ರಿಟನ್ ಸಂಸತ್ತಿನಲ್ಲಿ, ಐರ್ಲೆಂಡಿನ ವಿಷಯ ಮಾತಾಡುವಾಗ ಬಳಸಿದ್ದರು. ಕೆಟ್ಟ ಎಂಬ ಅರ್ಥದ ಗ್ರೀಕಿನ ಈ ‘ಡಿಸ್’ ಮತ್ತು ಸಂಸ್ಕೃತದ ‘ದುಸ್’, ‘ದುರ್’ ಒಂದೇ ಬೇರಿನವು. ಹಾಗಾಗಿ ದುರ್ ಹಚ್ಚಿ ಪದ ಕಟ್ಟುವ ಆಸೆಯಾಗುತ್ತದೆ. ಆದರೆ ‘ದುರ್ನಾಡು’ ಅಂದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ ಎಂಬ ತಕರಾರು ಬರುತ್ತದೆ. ‘ದುಸ್ಥಾನ’ ಅಂದರೆ ಜಾತಕದ ಆರು, ಎಂಟು, ಹನ್ನೆರಡನೇ ಮನೆಗಳ ನೆನಪಾಗುತ್ತದೆ.

ಬಳಕೆಯಲ್ಲಿರುವ ಪದಗಳನ್ನೂ ನೋಡಿದೆ. ‘ಅರಾಜಕತೆ’ ಅಂದರೆ ಆಳುವವರೇ ಇಲ್ಲದ ಸ್ಥಿತಿ. ನನ್ನ ಕಥೆಯಲ್ಲಿ ಆಳ್ವಿಕೆ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ. ‘ತುಘಲಕ್ ದರ್ಬಾರು’ ದೊರೆಯ ಮನಸ್ಸಿಗೆ ಬಂದಂತೆ ನಡೆಯುವ ಆಡಳಿತ. ಇಲ್ಲಿ ಎಲ್ಲವೂ ಲೆಕ್ಕಾಚಾರದಿಂದ, ಶಿಸ್ತಿನಿಂದ ನಡೆಯುತ್ತದೆ. ಭಯವಾಗುವುದೇ ಆ ಶಿಸ್ತನ್ನು ನೋಡಿ. ನನಗೆ ತುಂಬ ಹಿಡಿಸಿದ ಪದ ‘ಕೇಡುಗಾಲ’. ಜನರ ಬಾಯಲ್ಲಿರುವ ಪದ, ಮುದುಕನಿಗೂ ಒಪ್ಪುತ್ತದೆ. ಗ್ರೀಕ್ ಮೂಲದ ಪದ ಜಾಗವನ್ನು ಹೇಳುತ್ತದೆ, ಇದು ಕಾಲವನ್ನು ಹೇಳುತ್ತದೆ. ಇಂಥ ಕಾದಂಬರಿಗಳು ಹೆಚ್ಚಾಗಿ ಮುಂದೆ ಬರುವ ಕಾಲವನ್ನೇ ಹೇಳುವುದರಿಂದ ಅದೂ ಸರಿ. ನನ್ನ ಅನುಮಾನ ಒಂದೇ. ಕೇಡುಗಾಲ ತಾನಾಗಿ ಬರುತ್ತದೆ. ಗ್ರಹಗತಿಯಂತೆ, ಬರಗಾಲದಂತೆ. ನನ್ನ ಕಥೆಯ ಕೇಡನ್ನು ಮನುಷ್ಯರು ಕೂತು ಯೋಚಿಸಿ ತಂದಿದ್ದಾರೆ. ‘ಕೇಡುಗಾಲ’ ಅಂದ ಕೂಡಲೇ ಅವರ ಮೇಲಿನ ಹೊಣೆ ಜಾರಿಹೋಗುತ್ತದೆಯೇ?

ಇನ್ನು ಮುಖ್ಯವಾದ ವಿಷಯ. ಇಂಥ ಕಾದಂಬರಿಗಳ ಬಗ್ಗೆ ಬರೆಯುವಾಗ ನಾವೆಲ್ಲ ‘ಮುಚ್ಚಿಟ್ಟ ಸತ್ಯ’ ಎನ್ನುತ್ತೇವೆ. ನಾನೂ ಹಸ್ತಪ್ರತಿಗೆ ಮೊದಲು ಅದೇ ಹೆಸರನ್ನು ಯೋಚಿಸಿದ್ದೆ. ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಪದಗಳಿವೆ ನೋಡಿ. ಮುಚ್ಚಿಡು, ಬಚ್ಚಿಡು, ಅಡಗಿಸು, ಮರೆಮಾಚು, ಹೂತುಹಾಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮುಚ್ಚಿಟ್ಟದ್ದರ ಮೇಲೆ ಒಂದು ಮುಚ್ಚಳ ಕಾಣುತ್ತದೆ, ಒಳಗೆ ಏನೋ ಇದೆ ಎಂದಾದರೂ ಗೊತ್ತಾಗುತ್ತದೆ. ಬಚ್ಚಿಟ್ಟರೆ ಎಲ್ಲಿದೆ ಎಂಬುದೇ ತಿಳಿಯದು. ಮರೆಮಾಚುವವರು ಮುಂದೆ ಇನ್ನೇನನ್ನೋ ತಂದು ನಿಲ್ಲಿಸುತ್ತಾರೆ. ‘ಮುಚ್ಚಿಹಾಕು’ ಬಂದರಂತೂ ಅದು ಪತ್ರಿಕೆಯ ಭಾಷೆ: ಪ್ರಕರಣ ಮುಚ್ಚಿಹಾಕುವ ಯತ್ನ. ಆದರೆ ಇವೆಲ್ಲದರಲ್ಲೂ ಒಂದು ಭರವಸೆ ಇದೆ. ವಸ್ತು ಎಲ್ಲೋ ಹಾಗೇ ಇದೆ, ಯಾರಾದರೂ ತೆರೆದರೆ ಬಯಲಾಗುತ್ತದೆ.

ನನ್ನ ಕಥೆಯಲ್ಲಿ ಆ ಭರವಸೆ ಇಲ್ಲ. ಅಲ್ಲಿ ಸತ್ಯದ ಮೇಲೆ ಮುಚ್ಚಳವಿಲ್ಲ. ಅದರ ಜಾಗದಲ್ಲೇ ಬೇರೆಯದನ್ನು ಬರೆದಿದ್ದಾರೆ. ತೆರೆದು ನೋಡಿದರೂ ಸಿಗುವುದು ಹೊಸದೇ. ಇದಕ್ಕೆ ನನಗೆ ಸರಿ ಅನ್ನಿಸಿದ ಪದ ‘ತಿದ್ದು’. ಇದರ ಗುಣವೇ ಬೇರೆ. ಮಗುವಿಗೆ ಅಕ್ಷರ ತಿದ್ದಿಸುತ್ತೇವೆ. ‘ತಪ್ಪಿದ್ದರೆ ತಿದ್ದಿ’ ಎಂದು ಹಿರಿಯರನ್ನು ಕೇಳುತ್ತೇವೆ. ಕೆಟ್ಟ ದಾರಿ ಹಿಡಿದವನನ್ನು ತಿದ್ದಿ ಸರಿ ಮಾಡಿದರು ಎನ್ನುತ್ತೇವೆ. ಎಲ್ಲವೂ ಒಳ್ಳೆಯ ಕೆಲಸವೇ. ಅದೇ ಪದವನ್ನು ‘ಅಂಕಪಟ್ಟಿ ತಿದ್ದಿದ್ದಾರೆ’, ‘ಪಹಣಿ ತಿದ್ದಿದ್ದಾರೆ’ ಎಂದು ಬಳಸಿದಾಗ ಅದು ಅಪರಾಧ. ಪದ ಒಂದಿಷ್ಟೂ ಬದಲಾಗಿಲ್ಲ, ಅಕ್ಕಪಕ್ಕದ ಮಾತಿನಿಂದ ಪೂರ್ತಿ ಎದುರಿನ ಅರ್ಥ ಬಂದಿದೆ. ನನ್ನ ಕಾದಂಬರಿಯ ಕಚೇರಿ ಇದೇ ಸಂದಿಯಲ್ಲಿ ನಿಂತಿದೆ. ಅಲ್ಲಿ ಕೆಲಸ ಮಾಡುವವರು ತಾವು ತಪ್ಪು ತಿದ್ದುತ್ತಿದ್ದೇವೆ ಎಂದೇ ನಂಬಿದ್ದಾರೆ.

‘ತಿರುಚು’ ಎಂದು ಯಾಕೆ ಬಳಸಬಾರದು ಎಂದು ಕೇಳಬಹುದು. ಇತಿಹಾಸ ತಿರುಚಿದರು ಎಂಬುದು ಚೆನ್ನಾಗಿ ಬಳಕೆಯಲ್ಲಿದೆ. ಆದರೆ ಅದು ದೂರುವವರ ಪದ. ತಾನು ತಿರುಚುತ್ತಿದ್ದೇನೆ ಎಂದು ಯಾರೂ ತಮ್ಮ ಕೆಲಸವನ್ನು ಹೇಳಿಕೊಳ್ಳುವುದಿಲ್ಲ. ‘ತಿದ್ದು’ ಎಂಬುದನ್ನು ಮಾಡುವವರೂ ಹೇಳುತ್ತಾರೆ, ದೂರುವವರೂ ಹೇಳುತ್ತಾರೆ. ಈಗ ಹೀಗೆ ಮಾಡಿದ್ದೇನೆ: ಕಚೇರಿಯ ಒಳಗೆ ಎಲ್ಲರೂ ‘ತಿದ್ದುಪಡಿ’ ಎನ್ನುತ್ತಾರೆ. ನಾಯಕಿ ಒಂದು ಅಧ್ಯಾಯದಲ್ಲಿ ಮೊದಲ ಸಲ ‘ತಿರುಚಿದೆ’ ಎನ್ನುತ್ತಾಳೆ. ಅಲ್ಲಿಂದ ಅವಳು ಹೊರಗಿನವಳು. ಇಷ್ಟು ಸಾಕೇ, ಅಥವಾ ಓದುವವರಿಗೆ ಈ ವ್ಯತ್ಯಾಸ ಸುಮ್ನೆ ದಾಟಿಹೋಗುತ್ತದೆಯೇ?

‘ಸತ್ಯ’, ‘ನಿಜ’ ಇವುಗಳಲ್ಲೂ ಸ್ವಲ್ಪ ಗಮನ ಕೊಡುತ್ತಿದ್ದೇನೆ. ಸಂಸ್ಕೃತದಲ್ಲಿ ‘ನಿಜ’ ಅಂದರೆ ತನ್ನದು, ಸ್ವಂತದ್ದು. ಹಳೆಯ ಕಾವ್ಯಗಳಲ್ಲಿ ಕನ್ನಡದಲ್ಲೂ ಆ ಅರ್ಥ ಸಿಗುತ್ತದೆ. ಈಗ ನಮಗೆ ಅದು ಬರೀ ದಿಟ. ಸರ್ಕಾರದ ಘೋಷಣೆಗಳಲ್ಲಿ ‘ಸತ್ಯ’ ಇಟ್ಟು, ಜನ ಮನೆಯೊಳಗೆ ಆಡುವ ಮಾತಿನಲ್ಲಿ ‘ನಿಜ’ ಇಟ್ಟಿದ್ದೇನೆ.

ಕೊನೆಯದಾಗಿ ಪ್ರತಿರೋಧ. ಈ ಪದ ವಿಮರ್ಶೆಯ ಲೇಖನಗಳಲ್ಲಿ ಚೆನ್ನಾಗಿದೆ, ಪಾತ್ರಗಳು ಆಡಿದರೆ ಭಾಷಣದಂತೆ ಕೇಳುತ್ತದೆ. ‘ಪ್ರತಿಭಟನೆ’ಗೆ ಬೀದಿ ಬೇಕು, ಫಲಕ ಬೇಕು, ಮನವಿ ತೆಗೆದುಕೊಳ್ಳಲು ಒಬ್ಬ ಅಧಿಕಾರಿಯಾದರೂ ಬೇಕು. ‘ದಂಗೆ’ ಅಂದರೆ 1857 ನೆನಪಾಗುತ್ತದೆ, ಕೈಯಲ್ಲಿ ಆಯುಧ ಕಾಣುತ್ತದೆ. ‘ಬಂಡಾಯ’ ನನಗೆ ಪ್ರೀತಿಯ ಪದ. 1979ರಿಂದ ಒಂದು ಸಾಹಿತ್ಯ ಚಳವಳಿಯ ಹೆಸರೇ ಆಗಿ, ದೊಡ್ಡ ಶಕ್ತಿ ಪಡೆದ ಪದ. ಆದರೆ ಚುನಾವಣೆ ಬಂದಾಗೆಲ್ಲ ‘ಬಂಡಾಯ ಅಭ್ಯರ್ಥಿ’, ‘ಬಂಡಾಯ ಶಮನ’ ಎಂದು ಓದಿ ಓದಿ ಅದರ ಬಿಸಿ ಕಮ್ಮಿಯಾಗಿದೆ ಎಂದು ನನಗನ್ನಿಸುತ್ತದೆ. ‘ಸತ್ಯಾಗ್ರಹ’ದಲ್ಲಿ ಸತ್ಯವೂ ಇದೆ, ಹಿಡಿದ ಪಟ್ಟು ಬಿಡದ ಗಟ್ಟಿತನವೂ ಇದೆ. ಆದರೆ ಅದು ಹಗಲಲ್ಲಿ, ಎಲ್ಲರ ಎದುರು ಮಾಡುವಂಥದ್ದು. ನನ್ನ ಪಾತ್ರಗಳು ಗುಟ್ಟಾಗಿ ಕೆಲಸ ಮಾಡುತ್ತವೆ.

ಈ ಗುಟ್ಟಿನ ಕೆಲಸಕ್ಕೆ ಪದ ಹುಡುಕುವಾಗ ನನಗೆ ಬೇಸರ ತಂದ ಸಂಗತಿ ಒಂದಿದೆ. ‘ಭೂಗತ’ ಎಂದರೆ ಈಗ ರೌಡಿಗಳ ಲೋಕ. ‘ತಲೆಮರೆಸಿಕೊಂಡವರು’ ಎಂದರೆ ಪೊಲೀಸರು ಹುಡುಕುತ್ತಿರುವ ಆರೋಪಿಗಳು. ಅನ್ಯಾಯದ ಎದುರು ಮರೆಯಲ್ಲಿ ನಿಂತು ದುಡಿದವರಿಗೆ ನಾವು ಬಳಸಬಹುದಾದ ಪದಗಳೆಲ್ಲ ಅಪರಾಧ ಸುದ್ದಿಯ ಪುಟಕ್ಕೆ ಸೇರಿಹೋಗಿವೆ. ಸೋವಿಯತ್ ಒಕ್ಕೂಟದಲ್ಲಿ ನಿಷೇಧಿತ ಬರಹಗಳನ್ನು ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದಕ್ಕೆ ಅವರಲ್ಲಿ ‘ಸಮಿಜ್ದಾತ್’ ಎಂಬ ಪದವೇ ಹುಟ್ಟಿತು. ತಾನೇ ಪ್ರಕಟಿಸಿದ್ದು ಎಂದು ಅರ್ಥ. ಅದನ್ನು ‘ಸ್ವಯಂ ಪ್ರಕಟಣೆ’ ಅಂದರೆ ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತಂದಂತೆ ಕೇಳುತ್ತದೆ, ಅಲ್ವಾ? ನಾನು ಸದ್ಯಕ್ಕೆ ‘ಪ್ರತಿ’ ಎಂಬ ಪದವನ್ನೇ ಹಿಡಿದುಕೊಂಡಿದ್ದೇನೆ. ನಕಲಿಗೂ ಪ್ರತಿ ಎನ್ನುತ್ತೇವೆ, ಎದುರು ಎಂಬುದಕ್ಕೂ ಪ್ರತಿ. ಗುಂಪಿನವರು ತಮ್ಮನ್ನು ‘ಪ್ರತಿಯವರು’ ಎಂದು ಕರೆದುಕೊಳ್ಳುತ್ತಾರೆ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ‘ಪ್ರತಿಯವರು’ ಎಂಬ ಹೆಸರು ವಿವರಣೆ ಇಲ್ಲದೆ ನಿಮಗೆ ಅರ್ಥ ಕೊಡುತ್ತದೆಯೇ? ‘ಕೇಡುಗಾಲ’ಕ್ಕಿಂತ ಮನುಷ್ಯರ ಕೈವಾಡ ಚೆನ್ನಾಗಿ ಕಾಣುವ ಪದ ನಿಮ್ಮ ಕಡೆಯ ಮಾತಿನಲ್ಲಿದೆಯೇ? ಹಾಗೇ, ಬರೆದದ್ದನ್ನು ಕೆಡಿಸುವ ಉದ್ದೇಶದಿಂದಲೇ ತಿದ್ದುವುದಕ್ಕೆ ಬೇರೆ ಕ್ರಿಯಾಪದ ಯಾರಾದರೂ ಕೇಳಿದ್ದರೆ, ಅದು ಬಂದ ವಾಕ್ಯದ ಸಮೇತ ಬರೆಯಿರಿ. ಬರೀ ಪದ ಸಿಕ್ಕರೆ ಅದನ್ನು ಯಾರು ಯಾರಿಗೆ ಆಡುತ್ತಾರೆ ಎಂಬುದು ತಿಳಿಯುವುದಿಲ್ಲ, ನನಗೆ ಬೇಕಿರುವುದೇ ಅದು.