ಡೌನ್ ಸಿಂಡ್ರೋಮ್ ಇರೋ ತಮ್ಮನಿಗೆ 43 ವರ್ಷ, ಈಗೀಗ ತುಂಬಾ ಮಂಕಾಗಿದಾನೆ, ಇದು ವಯಸ್ಸಿಂದಾನಾ?

ಹಾಸನದಕ್ಕ:
ಎಲ್ರಿಗೂ ನಮಸ್ಕಾರ. ಅಮ್ಮ ಹೋದ್ಮೇಲೆ ತಮ್ಮ ನಮ್ಮನೇಲೇ ಇದಾನೆ. ಬೆಳಗ್ಗೆ ಬೂತಿಗೆ ಹೋಗಿ ಎರಡು ಪ್ಯಾಕೆಟ್ ನಂದಿನಿ ಹಾಲು ತರೋದು ಅವನದೇ ಕೆಲಸ, ಉಳಿದ ಚಿಲ್ಲರೆ ನನ್ ಕೈಲಿ ಎಣಿಸಿ ಇಡ್ತಿದ್ದ. ಆರು ತಿಂಗಳಿಂದ ಮೆಟ್ಲು ಹತ್ರ ಬಂದು ಸುಮ್ನೆ ನಿಂತ್ಬಿಡ್ತಾನೆ, ಇಳಿಯಕ್ಕೆ ಭಯ, ಕರೆದ್ರೆ ಓಗೊಡಲ್ಲ, ಊಟ ಮಾಡ್ತಾ ಮಾಡ್ತಾನೇ ತೂಕಡಿಸ್ತಾನೆ, ಶರ್ಟಿನ ಗುಂಡಿ ಅರ್ಧಕ್ಕೇ ಬಿಡ್ತಾನೆ. ಡಾಕ್ಟರಿಗೆ ತೋರಿಸಿದ್ರೆ "ಇಂಥೋರಿಗೆ ವಯಸ್ಸಾದ್ರೆ ಹೀಗೇನೇ ಕಣಮ್ಮ" ಅಂತ ಎರಡೇ ನಿಮಿಷದಲ್ಲಿ ಕಳಿಸಿದ್ರು. ವಾಪಸ್ ಬರ್ತಾ ಆಟೋದಲ್ಲಿ ನನ್ ಸೆರಗು ಹಿಡ್ಕೊಂಡೇ ಕೂತಿದ್ದ. ನಂಗೆ ಮನಸ್ಸು ಒಪ್ತಿಲ್ಲ.

ಮೈಸೂರು ಟೀಚರ್:
ಒಪ್ಬೇಡಿ ಅಕ್ಕ. ಡೌನ್ ಇರೋರಿಗೆ ಅಲ್ಜೈಮರ್ಸ್ ಅನ್ನೋ ಮರೆವಿನ ಕಾಯಿಲೆ ಬೇಗ ಬರೋ ಸಾಧ್ಯತೆ ಜಾಸ್ತಿ ಅನ್ನೋದು ನಿಜ, ಆ ಕಾಯಿಲೇಲಿ ಮಿದುಳಲ್ಲಿ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಸೇರೋಕೆ ಕಾರಣವಾದ ಜೀನ್ 21ನೇ ಕ್ರೋಮೋಸೋಮಲ್ಲೇ ಇರೋದು, ಇವ್ರಿಗೆ ಅದು ಒಂದು ಹೆಚ್ಚಿಗೆ ಇರುತ್ತೆ. ಆದ್ರೆ ಆ ಮಾತು ಕೊನೇಗೆ ಬರ್ಬೇಕು. ಮೊದ್ಲು ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ, ವಿಟಮಿನ್ ಬಿ12 ಪರೀಕ್ಷೆ ಮಾಡ್ಸಿ, ಥೈರಾಯ್ಡ್ ಕಮ್ಮಿ ಆಗೋದು ಇವ್ರಲ್ಲಿ ತುಂಬಾ ಸಾಮಾನ್ಯ. ಕಣ್ಣಿನ ಪೊರೆನೂ ಬೇಗ ಬರುತ್ತೆ, ಮೆಟ್ಲಿನ ಅಂಚು ಕಾಣ್ದೆ ನಿಂತಿರಬಹುದು. ರಾತ್ರಿ ಗೊರಕೆ ಹೊಡೀತಾ ಮಧ್ಯೆ ಉಸಿರು ನಿಂತಂಗಾಗುತ್ತಾ ನೋಡಿ, ಹಗಲು ತೂಕಡಿಸೋದು ಅದ್ರಿಂದ್ಲೂ ಇರುತ್ತೆ. ನಡಿಗೆ ಬದಲಾಗಿದ್ರೆ ಅಥ್ವಾ ಬಟ್ಟೇಲೇ ಮೂತ್ರ ಆಗ್ತಿದ್ರೆ ಮಾತ್ರ ಕಾಯ್ಬೇಡಿ, ಕತ್ತಿನ ಮೂಳೆ ನರ ಒತ್ತಿರಬಹುದು. ಇನ್ನೊಂದು, ಅಮ್ಮ ಹೋಗಿದ್ದನ್ನ ಅವನಿಗೆ ಯಾರು ಹೇಗೆ ಹೇಳಿದ್ರಿ?

ಶಿವಮೊಗ್ಗದ ಅಮ್ಮ:
ನನ್ ಮಗಳಿಗೂ ಡೌನ್, 38. ಅವ್ಳೂ ಕರೆದ್ರೆ ತಿರುಗ್ತಾನೇ ಇರ್ಲಿಲ್ಲ, ಹಠ ಅಂತ ಬೈದಿದೀನಿ, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಇವ್ರ ಕಿವಿ ತೂತು ಸಣ್ಣದಂತೆ, ಗುಗ್ಗೆ ಕಲ್ಲಿನಂಗೆ ಕಟ್ಟಿತ್ತು. ಇಎನ್‌ಟಿಯವ್ರು ತೆಗೆದ್ರು, ಮನೆಗೆ ಬಂದು ಕುಕ್ಕರ್ ಕೂಗಿದ್ದಕ್ಕೆ ಓಡಿ ಬಂದು ಆಫ್ ಮಾಡಿದ್ಲು. ಮೆಟ್ಲಿನ ಅಂಚಿಗೆ ಹಳದಿ ಟೇಪ್ ಅಂಟಿಸಿ. ಗುಂಡಿ ಹಾಕೋದು, ಮೆಟ್ಲು ಇಳಿಯೋದು ಎಲ್ಲಾ ಫೋನಲ್ಲಿ ವಿಡಿಯೋ ಮಾಡಿಟ್ಕೊಳಿ, ಆರು ತಿಂಗ್ಳು ಬಿಟ್ಟು ಡಾಕ್ಟರಿಗೆ ತೋರ್ಸಕ್ಕೆ ಬೇಕಾಗುತ್ತೆ.

ತುಮಕೂರಿನವ:
ಜೊತೆಗೇ ಗಾರ್ಡಿಯನ್‌ಶಿಪ್, ಅಂದ್ರೆ ಕಾನೂನು ಪ್ರಕಾರ ಅವನ ಪೋಷಕರು ನೀವು ಅಂತ ಮಾಡ್ಸಿ. ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ಕೆಳಗೆ ಡೀಸಿಯವ್ರ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕೋದು. ನಿರಾಮಯ ಅನ್ನೋ ಆರೋಗ್ಯ ಇನ್ಶೂರೆನ್ಸೂ ನ್ಯಾಷನಲ್ ಟ್ರಸ್ಟಿನದ್ದೇ, 1 ಲಕ್ಷದವರೆಗೆ.

ಹಾಸನದಕ್ಕ:
ಟಿಎಸ್‌ಎಚ್ ಜಾಸ್ತಿ ಬಂದಿದೆ, ಅಂದ್ರೆ ಥೈರಾಯ್ಡ್ ಕಮ್ಮಿ ಇದೆಯಂತೆ, ಮಾತ್ರೆ ಶುರು ಮಾಡಿದಾರೆ. ಎರಡೂ ಕಣ್ಣಲ್ಲಿ ಪೊರೆ. ಟೀಚರ್, ನೀವು ಕೇಳಿದ್ದಕ್ಕೆ ಉತ್ತರ, ಯಾರೂ ಹೇಳಿರ್ಲಿಲ್ಲ. ಅವತ್ತು ಅವನನ್ನ ಪಕ್ಕದ್ಮನೇಲಿ ಕೂರಿಸಿದ್ವಿ. ನಿನ್ನೆ ಅಮ್ಮನ ಫೋಟೋ ಕೈಗೆ ಕೊಟ್ಟು ಹೇಳ್ದೆ. ತುಂಬಾ ಹೊತ್ತು ಒರೆಸ್ತಾ ಕೂತಿದ್ದ, ಆಮೇಲೆ ತನ್ ದಿಂಬಿನ ಪಕ್ಕ ಇಟ್ಕೊಂಡ. ಗುರುವಾರ ಇಎನ್‌ಟಿ ಹತ್ರ ಹೋಗ್ತಿದೀವಿ.